300 ಮೀಟರ್ ಸಾಕು ಅಂತ ಬರದೀರಲ್ಲ, ಯಾವ ಊರಾಗ್ರಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಹೋದ ರವಿವಾರದ ನಿಮ್ಮ ಪುರವಣಿಯೊಳಗ ಸ್ವಂತಕ್ಕ ಸಣ್ಣ ವಿಮಾನ ತಗೊಳ್ಳೋರ ಬಗ್ಗೆ ಅರ್ಧ ಪೇಜ್ ಲೇಖನ ಬಂದಿತ್ತು, ಬರದವ್ರು ಚಲೋನ ಬರದಾರ, ಆದ್ರ ನಡಕ ಒಂದ್ ಸಾಲ್ ಹಾಕ್ಯಾರ ನೋಡ್ರಿ, "ಇಂಥಾ ವಿಮಾನಕ್ಕ ಬರೇ 300 ಮೀಟರ್ ಜಾಗ ಸಾಕು, ನಾಳೆ ನಮ್ಮ ಭಾಗದ ದೊಡ್ಡ ರೈತರು ತಮ್ಮ ಹೊಲದಿಂದನ ಹಾರಬಹುದು" ಅಂತ. ಆ ಸಾಲು ಓದಿ ನನಗ ಚಹಾ ಗಂಟಲಾಗ ನಿಂತಂಗಾತು. ಯಾಕಂದ್ರ ನಮ್ಮ ಅಕ್ಕನ ಮಗ ಅದನ್ನ ಫೋಟೋ ಹೊಡದು ವಾಟ್ಸಾಪ್ ಮಾಡ್ಯಾನ, ಕೆಳಗ "ಮಾಮಾ, ನಮ್ಮ ಮಸಾರಿ ಹೊಲ ಉದ್ದಕ್ಕ 500 ಮೀಟರ್ ಐತಿ" ಅಂತ ಬರದಾನ, ಮರುದಿನ ಟೇಪ್ ಹಿಡ್ಕೊಂಡು ಆಳು ಕರ್ಕೊಂಡು ಹೊಲ ಅಳ್ಯಾಕೂ ಹೋಗ್ಯಾನ. ಅಂವಾ ತಮಾಷಿ ಮಾಡೂ ಮನಷ್ಯಾ ಅಲ್ಲ, ಇಬ್ರು ದೋಸ್ತರ ಕೂಡ ಸೇರಿ ಸೆಕೆಂಡ್ ಹ್ಯಾಂಡ್ ನಾಲ್ಕ್ ಸೀಟಿನ ವಿಮಾನ ನೋಡಾಕತ್ತಾನ. ಅದಕ್ಕ ಈ ಪತ್ರ.

ನಾ ಪೈಲಟ್ ಅಲ್ರಿ, ಅದನ್ನ ಮೊದಲ ಹೇಳಿಬಿಡ್ತೇನಿ. ಏರ್‌ಫೋರ್ಸ್‌ದಾಗ ಫಿಟ್ಟರ್ ಇದ್ದೆ, ಬೆಳಗಾವಿ ವಿಮಾನ ನಿಲ್ದಾಣ ಇರೂ ಸಾಂಬ್ರಾದಾಗ ಟ್ರೇನಿಂಗ್ ಮುಗಿಸಿ ಆಮ್ಯಾಲ ಎಚ್‌ಪಿಟಿ-32 ದೀಪಕ್ ಅನ್ನೂ ಪಿಸ್ಟನ್ ಇಂಜಿನ್ ವಿಮಾನದ ಕೆಳಗ ಗ್ರೀಸ್ ಮೆತ್ಕೊಂಡು ಭಾಳ ವರ್ಷ ಕಳದೇನಿ. ಈಗ ಮುಧೋಳ ರಸ್ತೆ ಮ್ಯಾಲ ಒಂದ್ ಕಾಟಾ ಐತಿ ನಂದು, ಸೀಸನ್‌ದಾಗ ಕಬ್ಬಿನ ಗಾಡಿ ತೂಗೂದು, ಉಳಿದ ದಿನ ಮೆಕ್ಕೆಜೋಳ, ಜಲ್ಲಿ, ಹೊಟ್ಟು. ಅಂದ್ರ ಅರ್ಧ ಜೀವನ ವಿಮಾನದ ಕೂಡ, ಅರ್ಧ ಜೀವನ ತೂಕದ ಕೂಡ. ಈ ಎರಡೂ ಸೇರಿಸಿದ್ರ ಬರೂದನ ನಾ ಹೇಳೂ ಮಾತು.

ಮೊದಲ ಆ 300 ಮೀಟರ್ ಎಲ್ಲಿಂದ ಬಂತು ಅಂತ ಹೇಳ್ತೇನಿ. ಸೆಸ್ನಾ 172 ಅಂತ ಒಂದ್ ವಿಮಾನ, 1956ರಿಂದ ಮಾರಾಕತ್ತಾರ, 44 ಸಾವಿರಕ್ಕಿಂತ ಜಾಸ್ತಿ ಮಾಡ್ಯಾರ, ಜಗತ್ತಿನ್ಯಾಗ ಇದರಷ್ಟು ಸಂಖ್ಯೆದಾಗ ಬ್ಯಾರೆ ವಿಮಾನನ ಇಲ್ಲ. ಅದರ 172ಎಸ್ ಅನ್ನೂ ಮಾಡೆಲ್‌ಗೆ ಕಂಪನಿ ತನ್ನ ಪುಸ್ತಕದಾಗ ಕೊಡೂ ಟೇಕಾಫ್ ಓಟ 960 ಅಡಿ, ಅಂದ್ರ 293 ಮೀಟರ್. ಇದ ನಿಮ್ಮ 300. ಆದ್ರ ಆ ಅಂಕಿ ಸಮುದ್ರ ಮಟ್ಟದಾಗ, 15 ಡಿಗ್ರಿ ಚಳಿಯೊಳಗ, ಒಣಾ ಡಾಂಬರ್ ರನ್‌ವೇ ಮ್ಯಾಲ, ಇಂಜಿನ್ ಹೊಸಾದಿದ್ದಾಗ, ಕಂಪನಿ ಪೈಲಟ್ ಹಾರಿಸಿದಾಗ ಬಂದಿದ್ದು. ಮುಧೋಳದಾಗ 15 ಡಿಗ್ರಿ ಯಾವಾಗ್ ಇರ್ತೈತ್ರಿ, ಡಿಸೆಂಬರ್‌ದಾಗ ಬೆಳಗಿನ ಜಾವ ಕಬ್ಬು ಕಡಿಯೋರು ಬೆಂಕಿ ಕಾಸ್ಕೊಂಡು ಕುಂತಾಗ. ಸಮುದ್ರ ಅಂತೂ ಗೋವಾದಾಗ ಐತಿ. ಮತ್ತ 293 ಮೀಟರ್ ಅಂದ್ರ ಗಾಲಿ ನೆಲ ಬಿಡೂ ಜಾಗ ಅಷ್ಟ, ಅಲ್ಲಿಂದ 50 ಅಡಿ ಎತ್ತರಕ್ಕ ಬರಾಕ, ಅಂದ್ರ ಒಂದ್ ತೆಂಗಿನ ಗಿಡ ದಾಟಾಕ, ಒಟ್ಟು 1,630 ಅಡಿ, 497 ಮೀಟರ್ ಬೇಕು ಅಂತ ಅದ ಪುಸ್ತಕದಾಗ ಅದ ಸಾಲಿನ ಬಾಜೂಕ ಬರದಾರ. ಮಾರೋರು ಮೊದಲನೇದ್ದು ಹೇಳ್ತಾರ, ಎರಡನೇದ್ದು ಹೇಳಂಗಿಲ್ಲ, ಹೊಲ ಮಾರೋರು ಬೋರ್ ಇಂಚು ಹೇಳಿದಂಗ.

ಈಗ ಬಿಸಲಿಗೆ ಬರ್ರಿ. ಗಾಳಿ ಕಾದ್ರ ತೆಳ್ಳಗಾಗ್ತೈತಿ, ಮಜ್ಜಿಗಿಗೆ ನೀರು ಸುರದಂಗ. ತೆಳ್ಳನ ಗಾಳಿ ಇಂಜಿನ್‌ಗೂ ಸಾಲಂಗಿಲ್ಲ, ಪಂಖಾಕ್ಕೂ ಹಿಡಿತ ಸಿಗಂಗಿಲ್ಲ, ರೆಕ್ಕಿಗೂ ಎತ್ತಾಕ ಆಗಂಗಿಲ್ಲ, ಮೂರೂ ಕಡೆಯಿಂದ ಹೊಡತ. ಟ್ರ್ಯಾಕ್ಟರಿಗೆ ಆದ್ರ ಇಂಜಿನ್ ಒಂದ ದಣೀತೈತಿ, ನೆಲ ಹಂಗ ಇರ್ತೈತಿ, ವಿಮಾನಕ್ಕ ನೆಲನ ತೆಳ್ಳಗಾದಂಗ. ಸಾದಾ ಇಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮಿ 3% ಶಕ್ತಿ ಕಳ್ಕೊಂತೈತಿ. ಇದಕ್ಕ ಡೆನ್ಸಿಟಿ ಆಲ್ಟಿಟ್ಯೂಡ್ ಅಂತ ಒಂದ್ ಲೆಕ್ಕ ಅದ, ಜಾಗದ ಎತ್ತರಕ್ಕ ಇರಬೇಕಾದ ತಾಪಮಾನಕ್ಕಿಂತ ಎಷ್ಟ್ ಡಿಗ್ರಿ ಜಾಸ್ತಿ ಐತೋ ಡಿಗ್ರಿಗೆ 120 ಅಡಿಯಂಗ ಕೂಡ್ಸಬೇಕು. ಸಾಂಬ್ರಾ 2,487 ಅಡಿ ಎತ್ತರದಾಗ ಐತಿ, ಅಲ್ಲಿ ಲೆಕ್ಕದ ಪ್ರಕಾರ 10 ಡಿಗ್ರಿ ಇರಬೇಕು, ಏಪ್ರಿಲ್‌ದಾಗ ಮಧ್ಯಾಹ್ನ 38 ಇದ್ರ 28 ಡಿಗ್ರಿ ಜಾಸ್ತಿ, 3,360 ಅಡಿ ಕೂಡಿಸ್ರಿ, 5,800 ದಾಟ್ತು. ಅಂದ್ರ ಅವತ್ತು ವಿಮಾನದ ಪಾಲಿಗೆ ಸಾಂಬ್ರಾ ಅನ್ನೂದು ಮುಳ್ಳಯ್ಯನಗಿರಿ ತುದಿಗಿಂತ ಒಂದ್ ಐನೂರು ಅಡಿ ಕೆಳಗ ಇದ್ದಂಗ. ವಿಜಯಪುರದ ಮೇ ತಿಂಗಳ ಬಿಸಲು ನೀವ ಲೆಕ್ಕಾ ಹಾಕ್ರಿ, ಬುರಣಾಪುರದ ಏರ್‌ಪೋರ್ಟ್ ಕಡೆ ಕಣ್ಣಿಟ್ಟು ಕುಂತೋರೂ ಅದಾರ.

ಸಾಂಬ್ರಾದಾಗ ಇದರಿಂದ ದೊಡ್ಡ ತ್ರಾಸ್ ಇಲ್ರಿ, ಖರೇನ ಹೇಳಬೇಕಂದ್ರ. 1942ರಾಗ ಬ್ರಿಟಿಷರು ಯುದ್ಧಕ್ಕಂತ ಮಾಡಿದ ಜಾಗ ಅದು, 2017ರಾಗ ದೊಡ್ಡದು ಮಾಡಿ 2,300 ಮೀಟರ್ ರನ್‌ವೇ ಆಗೈತಿ, ಸಣ್ಣ ವಿಮಾನ ಅಲ್ಲಿ ಎರಡು ಸಲ ಎದ್ದು ಇಳೀಬಹುದು. ನನ್ನ ಹೆದರಿಕಿ ಹೊಲದ ಬಗ್ಗೆ.

ಅಳಿಯನ್ನ ಕುಂಡ್ರಿಸಿ ಪುಸ್ತಕ ತಗದು ತೋರಿಸಿದೆ. 172ಎಸ್‌ದ ಪುಸ್ತಕದಾಗ ಸಾವಿರ ಸಾವಿರ ಅಡಿಗೆ ಒಂದ್ ಸಾಲು, ಹತ್ತ್ ಹತ್ತ್ ಡಿಗ್ರಿಗೆ ಒಂದ್ ಕಾಲಂ. ಮುಧೋಳ 2,000 ಅಡಿಗಿಂತ ಸ್ವಲ್ಪ ಕಡಿಮಿ, ಆದ್ರ ಇಂಥಾದ್ರಾಗ ಮ್ಯಾಲಿನ ಸಾಲ ಹಿಡೀಬೇಕು. 2,000 ಅಡಿ, 40 ಡಿಗ್ರಿ, ಪೂರ್ತಿ ತೂಕ: ಓಟ 1,380 ಅಡಿ, 50 ಅಡಿ ದಾಟಾಕ 2,355 ಅಡಿ. ಇದು ಡಾಂಬರ್ ಮ್ಯಾಲ. ಒಣಾ ಹುಲ್ಲಿನ ನೆಲ ಇದ್ರ ಓಟದ 15% ಕೂಡ್ಸು ಅಂತ ಕಂಪನಿನ ಹೇಳ್ತೈತಿ, ಅಂದ್ರ 207 ಅಡಿ, ಒಟ್ಟು 2,562, ಮೀಟರಿನ್ಯಾಗ 781. ಇದಕ್ಕ ಬ್ರಿಟನ್ನಿನ ವಿಮಾನಯಾನ ಇಲಾಖೆಯವ್ರು ಖಾಸಗಿ ಪೈಲಟ್‌ಗಳಿಗೆ ಇನ್ನೊಂದ್ ಮಾತು ಹೇಳ್ತಾರ, ಬಂದ ಉತ್ತರಕ್ಕ 1.33ರಿಂದ ಗುಣಿಸ್ರಿ ಅಂತ, ಯಾಕಂದ್ರ ನಿಮ್ಮ ಇಂಜಿನ್ ಹೊಸಾದಲ್ಲ, ನೀವು ಕಂಪನಿ ಪೈಲಟ್ ಅಲ್ಲ. ಗುಣಿಸಿದ್ರ 1,039 ಮೀಟರ್. ನಿಮ್ಮ ಲೇಖನದ 300 ಇಲ್ಲಿಗೆ ಬಂದು ನಿಂತ್ತು ನೋಡ್ರಿ, ಮೂರೂವರಿ ಪಟ್ಟು. ಅವನ ಹೊಲ 500, ಆ ತುದಿಗೆ ಒಡ್ಡು, ಒಡ್ಡಿನಾಚೆ ಹತ್ತಡಿ ಬೆಳದ ಕಬ್ಬಿನ ಪಡ, ಅದರ ಮ್ಯಾಲ ಪಂಪ್‌ಸೆಟ್ಟಿನ ಕರೆಂಟ್ ತಂತಿ. ಅಂವಾ ಸ್ವಲ್ಪ ಹೊತ್ತು ಸುಮ್ನ ಕುಂತ. ಆಮ್ಯಾಲ "ಬೆಳಿಗ್ಗೆ ಆರಕ್ಕ ಹಾರಿದ್ರ?" ಅಂದ. ಬೆಳಿಗ್ಗೆ 20 ಡಿಗ್ರಿ ಅಂತ ಹಿಡದ್ರೂ ಅದ ಸಾಲಿನ್ಯಾಗ 50 ಅಡಿ ದಾಟಾಕ 2,035 ಅಡಿ ಐತಿ, ಡಾಂಬರ್ ಮ್ಯಾಲನ 620 ಮೀಟರ್. ಮಸಾರಿಗೆ ಇಷ್ಟಾದ್ರ ಎರಿ ಹೊಲದ ಮಾತ ಬ್ಯಾಡ, ಬ್ಯಾಸಗ್ಯಾಗ ಕಾಲು ಹೋಗೂವಷ್ಟು ಬಿರುಕು, ಮಳಿ ಬಂದ್ರ ಗಾಲಿಗೆ ಗಡ್ಡಿ ಮೆತ್ತೂ ಮಣ್ಣು. ಪರ್ಮಿಶನ್ ಬ್ಯಾರೆ ಕಥಿ, ಅದನ್ನ ಬಿಡ್ರಿ.

ಗಾಳಿ ಬಗ್ಗೆ ಒಂದ್ ಮಾತು, ಇದು ಭಾಳ ಮಂದಿಗೆ ಗೊತ್ತಿರಂಗಿಲ್ಲ. ಎದುರು ಗಾಳಿ 9 ನಾಟ್, ಅಂದ್ರ ತಾಸಿಗೆ ಸುಮಾರು 17 ಕಿಲೋಮೀಟರ್ ಇದ್ರ ದೂರ 10% ಕಡಿಮಿ ಆಗ್ತೈತಿ, ಆದ್ರ ಹಿಂದಿಂದ ಬರೇ 2 ನಾಟ್ ಗಾಳಿ ಬಂದ್ರೂ 10% ಜಾಸ್ತಿ ಆಗ್ತೈತಿ. 2 ನಾಟ್ ಅಂದ್ರ ಮುಖಕ್ಕ ತಾಗಿದ್ದೂ ತಿಳ್ಯಂಗಿಲ್ಲ, ರಾಶಿ ತೂರಾಕೂ ಸಾಲಂಗಿಲ್ಲ. ಗಾಳಿ ಕೊಡೂದು ಚಿಲ್ಲರ, ಕಸಗೊಳ್ಳೂದು ನೋಟು. ಹೊಲದಾಗ ಒಂದ ಕಡೆಗೆ ತಂತಿ ಐತಿ ಅಂತ ಗಾಳಿ ನೋಡದ ಇನ್ನೊಂದ್ ಕಡೆಗೆ ಓಡಿಸ್ತೇವಿ ಅನ್ನೋರು ಇದನ್ನ ನೆನಪಿಡಬೇಕು.

ಇನ್ನ ನಮ್ಮ ಮಂದಿ ಮೊದಲ ಕೇಳೂ ಪ್ರಶ್ನೆ, ಎಷ್ಟ್ ಎಚ್‌ಪಿ? ಟ್ರ್ಯಾಕ್ಟರ್ ತಗೊಂಡ್ರೂ ಅದ, ವಿಮಾನ ತಗೊಂಡ್ರೂ ಅದ. ಅಳಿಯನ ದೋಸ್ತ ಒಬ್ಬಂವಾ ಸಿರಸ್ ಎಸ್‌ಆರ್22 ಬೇಕಂತಾನ, 310 ಎಚ್‌ಪಿ, ನೋಡಾಕ ಕಾರಿನಂಗ ಐತಿ, ಮ್ಯಾಲಾಗಿ ಪೂರಾ ವಿಮಾನಕ್ಕ ಒಂದ್ ಪ್ಯಾರಾಶೂಟ್ ಇರ್ತೈತಿ, ಹ್ಯಾಂಡಲ್ ಜಗ್ಗಿದ್ರ ವಿಮಾನ ಸಮೇತ ತೇಲಿ ಇಳೀತೈತಿ. ಪ್ಯಾರಾಶೂಟ್ ಚಲೋದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಟೇಕಾಫ್ ನೋಡ್ರಿ: 180 ಎಚ್‌ಪಿ ಸೆಸ್ನಾ 960 ಅಡಿಗೆ ನೆಲ ಬಿಟ್ರ 310 ಎಚ್‌ಪಿ ಸಿರಸ್‌ಗೆ 1,080 ಅಡಿ ಹತ್ರ ಬೇಕು. ಯಾಕ? ರೆಕ್ಕಿ ಸಣ್ಣದು, ಹೇರಿದ ತೂಕ ದೊಡ್ಡದು. ಸೆಸ್ನಾ ರೆಕ್ಕಿ 16.2 ಚದರ ಮೀಟರ್, ತೂಕ 1,157 ಕೆಜಿ, ಅಂದ್ರ ಚದರ ಮೀಟರಿಗೆ 71 ಕೆಜಿ. ಸಿರಸ್ ರೆಕ್ಕಿ 13.5, ತೂಕ 1,633, ಚದರ ಮೀಟರಿಗೆ 121 ಕೆಜಿ. ಅದು ಮ್ಯಾಲ ಹೋದಮ್ಯಾಲ ಜೋರ್ ಓಡ್ಲಿ ಅಂತ ಮಾಡಿದ್ದು, ಸಣ್ಣ ಜಾಗದಿಂದ ಏಳ್ಲಿ ಅಂತ ಅಲ್ಲ. ನಡುವಿನ್ಯಾಗ ಸೆಸ್ನಾ 182 ಐತಿ, ರೆಕ್ಕಿ 172ರಷ್ಟ, ಇಂಜಿನ್ 230 ಎಚ್‌ಪಿ, 795 ಅಡಿಗೆ ಏಳ್ತೈತಿ, ಭಾರಾನೂ ಹೊರ್ತೈತಿ. ನಮ್ಮ ಬಿಸಲಿಗೆ, ಮೂರು ಮಂದಿಗೆ ಅಂದ್ರ ನಾ ಆದ್ರ ಅದನ್ನ ನೋಡ್ತಿದ್ದೆ, ಎಣ್ಣಿ ಮಾತ್ರ ತಾಸಿಗೆ 50 ಲೀಟರ್ ಹತ್ರ ಕುಡೀತೈತಿ. ಇನ್ನ ಖರೇನ ಹೊಲದಿಂದ ಏಳೂ ಜಾತಿ ಅಂದ್ರ ಪೈಪರ್ ಸೂಪರ್ ಕಬ್, ಹಳೇ ಕಾಲದ ಬಟ್ಟಿ ರೆಕ್ಕಿ ವಿಮಾನ, ಇಬ್ರ ಕುಂಡ್ರೂದು, ಒಬ್ರ ಹಿಂದ ಒಬ್ರು, 200 ಅಡಿಗೆ ನೆಲ ಬಿಡ್ತೈತಿ. ಅದನ್ನ ಅಳಿಯಗ ತೋರಿಸಿದ್ರ "ಮಾಮಾ ಇದು ಎತ್ತಿನ ಗಾಡಿ ಕಂಡಂಗ ಕಾಣ್ತೈತಿ" ಅಂದ. ಹೌದಪಾ, ಎತ್ತಿನ ಗಾಡಿ ಹೋಗೂ ಕಡೆ ಎತ್ತಿನ ಗಾಡಿನ ಬೇಕು.

ಈಗ ನನ್ನ ಕಾಟಾದ ಕಥಿ. ನಾಲ್ಕ್ ಸೀಟು ಅಂದಕೂಡ್ಲೆ ನಾಲ್ಕ್ ಮಂದಿ ಅಂತ ತಿಳ್ಕೊಂಡಿದ್ರು ಮೂವರೂ. ಒಂದಿನ ನಮ್ಮಲ್ಲಿ ಬಂದಾಗ ಮೂವರನ್ನೂ ಕಾಟಾ ಮ್ಯಾಲ ನಿಂದ್ರಿಸಿದೆ. ಅದು ಗಾಡಿ ತೂಗೂ ಕಾಟಾ, ಹತ್ತ್ ಕೆಜಿ ಲೆಕ್ಕದಾಗ ತೋರಸ್ತೈತಿ, 280 ಬಂತು. ಬಾಜೂಕ ನಿಂತ ಕಬ್ಬಿನ ಡ್ರೈವರ್ "ಕಟಿಂಗ್ ಎಷ್ಟ್ ಹಿಡೀತೀರಿ ಅಣ್ಣಾರ" ಅಂತ ಕೇಳಿದ, ಕಾಟಾ ಅಂದ್ರ ಮೋಸ ಅನ್ನೂದು ನಮ್ಮ ಕಡೆ ಅಷ್ಟು ಹಾಡಾಗೇತಿ, ಇರ್ಲಿ. 172ದ ಪೂರ್ತಿ ತೂಕ 1,157, ಖಾಲಿ ವಿಮಾನ ಸಾಮಾನ ಸಮೇತ ಸುಮಾರು 770, ಉಳಿದಿದ್ದು 387. ಟ್ಯಾಂಕ್ ತುಂಬಿಸಿದ್ರ ಬಳಸಾಕ ಬರೂ ಎಣ್ಣಿ 201 ಲೀಟರ್, 145 ಕೆಜಿ. ಮಂದಿಗೆ ಉಳಿದಿದ್ದು 240 ಚಿಲ್ಲರ. ಇವರು ಮೂವರ 40 ಕೆಜಿ ಜಾಸ್ತಿ, ಅಂದ್ರ 55 ಲೀಟರ್ ಎಣ್ಣಿ ಕಡಿಮಿ ಹಾಕಬೇಕು, ಒಂದೂವರಿ ತಾಸಿನ ಹಾರಾಟ ಹೋತು. ಹಂಗಾದ್ರೂ ಸಾಂಬ್ರಾದಿಂದ ಬೆಂಗಳೂರಿಗೆ ಎರಡು ತಾಸು, ಮೂವರಿಗೆ ನಡೀತೈತಿ. ನಾಲ್ಕನೇದವ ಹತ್ತಿದ್ರ ಉಳಿಯೂ ಎಣ್ಣಿ 30 ಲೀಟರ್, ಹುಬ್ಬಳ್ಳಿ ದಾಟೂದ್ರಾಗ ಮುಳ್ಳು ಕೆಂಪಿಗೆ ಬಂದಿರ್ತೈತಿ.

"ಒಂದ್ ನಲವತ್ತು ಕೆಜಿ ಜಾಸ್ತಿ ಆದ್ರ ಏನ್ ಆಗ್ತೈತಿ ಮಾಮಾ" ಅಂತ ಕೇಳಿದ, ಇದ ಮಾತು ನಾ ದಿನಾ ಡ್ರೈವರ್‌ಗಳ ಬಾಯಾಗ ಕೇಳ್ತೇನಿ, ಒಂದ್ ಟನ್ ಜಾಸ್ತಿ ಹೇರಿದ್ರ ಏನ್ ಆಗ್ತೈತಿ ಅಂತ. ವಿಮಾನದಾಗ ತೂಕ 10% ಏರಿದ್ರ ಟೇಕಾಫ್ ದೂರ 20% ಏರ್ತೈತಿ. ತೂಕ ಎಲ್ಲಿ ಕುಂತೈತಿ ಅನ್ನೂದಂತೂ ಇನ್ನೂ ದೊಡ್ಡದು. ಡಬಲ್ ಟ್ರೇಲರ್ ಕಬ್ಬು ಹೇರಿ ಏರು ಹತ್ತೂ ಮುಂದ ಟ್ರ್ಯಾಕ್ಟರ್ ಮುಂದಿನ ಗಾಲಿ ಎತ್ತೂದು ನಮ್ಮ ಕಡೆ ಸಣ್ಣ ಹುಡುಗುರೂ ನೋಡ್ಯಾರ. ವಿಮಾನದಾಗ ಹಿಂದ ಭಾರ ಜಾಸ್ತಿ ಆದ್ರ ಹಂಗ ಮೂಗು ಎತ್ತತೈತಿ, ಅಲ್ಲಿ ಬಾನಟ್ ಮ್ಯಾಲ ಇಬ್ರನ್ನ ಕುಂಡ್ರಿಸಿ ಸರಿ ಮಾಡಾಕ ಬರಂಗಿಲ್ಲ.

ಸರಿ, ಯಾವ ವಿಮಾನ ಅನ್ನೂದಾತು, ತಗೋಬೇಕೋ ಬ್ಯಾಡೋ ಅನ್ನೂದು ಉಳೀತು. ನಿಮ್ಮ ಲೇಖನದಾಗ ಬೆಲಿ ಅಷ್ಟ ಬರದಾರ, ವಿಮಾನದ ಬೆಲಿ ಅಂದ್ರ ಎಮ್ಮಿ ಬೆಲಿ ಇದ್ದಂಗ್ರಿ, ಹೊಟ್ಟು ಹಿಂಡಿ ಕೊಟ್ಟಗಿ ಅದ್ರಾಗ ಬರಂಗಿಲ್ಲ. ಹ್ಯಾಂಗರ್, ಇನ್ಶೂರೆನ್ಸ್, ವರ್ಷಕ್ಕೊಮ್ಮೆ ಸರ್ಟಿಫಿಕೇಟ್, ಲೈಸೆನ್ಸ್ ಇದ್ದ ಇಂಜಿನಿಯರ್ ಸಹಿ, ಇವೆಲ್ಲಾ ಹಾರಿದ್ರೂ ಕೊಡಬೇಕು ಹಾರದಿದ್ರೂ ಕೊಡಬೇಕು. ಮ್ಯಾಲಾಗಿ 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕಿ ವಿಮಾನಕ್ಕ ಜಿಎಸ್‌ಟಿ 40% ಆಗೇತಿ. ಅದಕ್ಕ ನಾ ಅಳಿಯಗ ಕೇಳಿದ್ದು ಒಂದ: ವರ್ಷಕ್ಕ ಎಷ್ಟ್ ತಾಸು ಹಾರಸ್ತಿ? ಅಂವಾ ಯೋಚನೆ ಮಾಡಿ "ತಿಂಗಳಿಗೆ ಎರಡ್ಮೂರು ತಾಸು" ಅಂದ. ಅಂದ್ರ ವರ್ಷಕ್ಕ 30. ಈ ಸೆಸ್ನಾದ ಲೈಕಾಮಿಂಗ್ ಇಂಜಿನ್‌ಗೆ ಕಂಪನಿ ಹೇಳೂದು 2,000 ತಾಸು ಇಲ್ಲಾ 12 ವರ್ಷ, ಯಾವುದು ಮೊದಲೋ ಆಗ ಓವರ್‌ಹಾಲ್. 30ರಂಗ 12 ವರ್ಷಕ್ಕ 360 ತಾಸು, ಉಳಿದ 1,640 ತಾಸಿನ ಇಂಜಿನ್ ಕ್ಯಾಲೆಂಡರ್ ತಿಂದು ಹೋಗ್ತೈತಿ.

ಅಷ್ಟ ಅಲ್ಲ. ಆ ಇಂಜಿನ್‌ದಾಗ ವಾಲ್ವ್ ತಗಿಯೂ ಕ್ಯಾಮ್‌ಶಾಫ್ಟ್ ಮ್ಯಾಲ ಇರ್ತೈತಿ, ನಿಲ್ಲಿಸಿಟ್ರ ಇಂಜಿನ್ ಆಯಿಲ್ ಎಲ್ಲಾ ಕೆಳಗ ಇಳದು ಅದು ಒಣಗತೈತಿ, ನಮ್ಮ ಬೆಳಗಾವಿ ಮಳಿಗಾಲದ ತಂಡಿಗೆ ನಾಲ್ಕ್ ತಿಂಗಳು ಸುಮ್ನ ನಿಂತ್ರ ಜಂಗು ಹಿಡೀತೈತಿ. ಟ್ರ್ಯಾಕ್ಟರ್ ಚಾಲೂ ಮಾಡಿ ಐದ್ ನಿಮಿಷ ಬಿಟ್ಟಂಗ ಇದನ್ನೂ ಬಿಡ್ತೇವಿ ಅನ್ನೋರು ಅದಾರ, ಅದು ಇನ್ನೂ ಕೆಟ್ಟದ್ದು, ಆಯಿಲ್ ಪೂರ್ತಿ ಕಾಯಂಗಿಲ್ಲ, ಒಳಗಿನ ನೀರಿನಂಶ ಹೊರಗ ಹೋಗಂಗಿಲ್ಲ. ಹಾರಿಸಿದ್ರ ಚಲೋ, ಇಲ್ಲಂದ್ರ ಜಂಗು ಹತ್ತದಂಗ ಪ್ರಿಸರ್ವ್ ಮಾಡಿ ಮುಟ್ಟದ ಇಡೂದು ಚಲೋ. ಸೆಕೆಂಡ್ ಹ್ಯಾಂಡ್ ಜಾಹೀರಾತಿನ್ಯಾಗ "ಭಾಳ ಕಡಿಮಿ ಹಾರಿದ್ದು" ಅಂತ ಬರದಿದ್ರ ನಾ ಮೊದಲ ಅದನ್ನ ಬಿಟ್ಟು ಮುಂದಿನ ಪೇಜ್ ತಿರುವ್ತೇನಿ.

ಎಣ್ಣಿ ಬಗ್ಗೆ ನಿಮ್ಮ ಲೇಖನದಾಗ ಒಂದಕ್ಷರ ಇಲ್ಲ. ಹಳೇ ಸೆಸ್ನಾ, ಪೈಪರ್‌ಗಳಿಗೆ ಬೇಕಾಗೂದು ಎವಿಗ್ಯಾಸ್, ಅದು ಸಾದಾ ಪೆಟ್ರೋಲ್ ಅಲ್ಲ, ಜೆಟ್ ಎಣ್ಣಿನೂ ಅಲ್ಲ. 2022ರ ತನಕ ಪೂರಾ ಹೊರದೇಶದಿಂದ ಬರ್ತಿತ್ತು, ಆ ವರ್ಷದಿಂದ ಇಂಡಿಯನ್ ಆಯಿಲ್‌ದವ್ರು ವಡೋದರಾದಾಗ ಮಾಡಾಕತ್ತಾರ. ಆದ್ರೂ ನೀವು ಹೋಗೂ ಊರಾಗ ಐತೋ ಇಲ್ಲೋ ಫೋನ್ ಮಾಡಿ ಕೇಳಿನ ಹೊಂಡಬೇಕು. ಡೈಮಂಡ್ ಡಿಎ40 ಎನ್‌ಜಿ ಅಂತ ಡೀಸೆಲ್ ಜಾತಿ ಇಂಜಿನ್ನಿನ ನಾಲ್ಕ್ ಸೀಟಿನ ವಿಮಾನ ಐತಿ, ದೊಡ್ಡ ವಿಮಾನಕ್ಕ ಹಾಕೂ ಜೆಟ್ ಎಣ್ಣಿಮ್ಯಾಲನ ಓಡ್ತೈತಿ, ಟರ್ಬೋ ಇರೂದ್ರಿಂದ ತೆಳ್ಳನ ಗಾಳಿಗೆ ಇಂಜಿನ್ ಅಷ್ಟ್ ಸೊರಗಂಗಿಲ್ಲ, ರೆಕ್ಕಿ ಮಾತ್ರ ಸೊರಗೂದು ತಪ್ಪಂಗಿಲ್ಲ. ಇಬ್ರಿಗೆ ಸಾಕು ಅನ್ನೋರಿಗೆ ರೋಟಾಕ್ಸ್ ಇಂಜಿನ್ನಿನ ಎರಡು ಸೀಟಿನವು ಅದಾವ, ಸೆಸ್ನಾ ಕುಡಿಯೂದ್ರ ಅರ್ಧ ಚಿಲ್ಲರ ಕುಡೀತಾವ. ನಮ್ಮ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ದವ್ರ ಹಂಸ ಅಂಥಾದ್ದ, 1993ರಾಗ ಮೊದಲ ಹಾರಿತ್ತು, ಹೊಸಾ ಹಂಸ-ಎನ್‌ಜಿ 2021ರಾಗ ಹಾರೈತಿ. ನಾಲ್ಕ್ ಸೀಟು ತಗೊಂಡು ವರ್ಷಪೂರ್ತಿ ಒಬ್ಬನ ಹಾರಸೋರು ಎಷ್ಟ್ ಮಂದಿ ಇರ್ತಾರೋ, ಹೆಂಡ್ತಿ ಮಕ್ಕಳು ಮೊದಲನೇ ಸಲ ಫೋಟೋಕ್ಕ ಹತ್ತತಾರ, ಎರಡನೇ ಸಲ ವಾಂತಿ ಬರ್ತೈತಿ ಅಂತ ಮನ್ಯಾಗ ಉಳೀತಾರ.

ಮೂವರು ಸೇರಿ ತಗೊಳ್ಳೂದು ಖರೇ ಅಂದ್ರ ಶಾಣ್ಯಾತನ, ಒಂದ ವಿಮಾನ 30ರ ಬದಲಿ 90 ತಾಸು ಹಾರಿದ್ರ ಇಂಜಿನ್ನೂ ಚಲೋ ಇರ್ತೈತಿ, ಖರ್ಚೂ ಮೂವರಾಗ ಹಂಚಿ ಹೋಗ್ತೈತಿ. ಆದ್ರ ಅಣ್ಣತಮ್ಮಂದಿರ ಬಾವಿ ನೀರಿನ ಪಾಳಿ ನಮಗ ಹೊಸಾದಲ್ಲ. ಯಾರ ಪಾಳಿ ಯಾವ ದಿನ, ಪಾಳಿದಾಗ ಮೋಟರ್ ಸುಟ್ರ ಯಾರು ಕಟ್ಟಬೇಕು, ಒಬ್ಬಂವಾ ತನ್ನ ಪಾಲು ಮಾರ್ತೇನಿ ಅಂದ್ರ ಮೊದಲ ಯಾರಿಗೆ ಕೇಳಬೇಕು, ಇದನ್ನ ಕಾಗದದ ಮ್ಯಾಲ ಬರಕೊಂಡೋರ ಕೋರ್ಟ್ ಮೆಟ್ಲ ಹತ್ತಿಲ್ಲ. ದೀಪಾವಳಿ ದಿನ ಮೂವರಿಗೂ ವಿಮಾನ ಬೇಕಾಗ್ತೈತಿ, ಅದನ್ನೂ ಬರ್ಕೋರಿ ಅಂದೇನಿ.

ಮತ್ತ ಇನ್ನೊಂದು, ಅಳಿಯನ ಲೈಸೆನ್ಸ್ ಇನ್ನ ಕೈಗೆ ಬಂದಿಲ್ಲ. ಖಾಸಗಿ ಪೈಲಟ್ ಲೈಸೆನ್ಸಿಗೆ ಕಡಿಮಿ ಅಂದ್ರ 40 ತಾಸು ಹಾರಬೇಕು, ಅಂವಾ 11 ತಾಸು ಹಾರ್ಯಾನ. ಮದುವಿಗೆ ಮೊದಲ ತೊಟ್ಟಲಾ ಬ್ಯಾಡ, 40 ತಾಸು ಟ್ರೇನಿಂಗ್ ಸ್ಕೂಲಿನ ವಿಮಾನದಾಗ ಹಾರು, ಅದ್ರಾಗ ಏಪ್ರಿಲ್ ಮಧ್ಯಾಹ್ನದ್ದು ಒಂದ್ ನಾಲ್ಕ್ ತಾಸು ಇರ್ಲಿ, ಮೈಯಾಗ ತಿಳೀತೈತಿ ಅಂತ ಹೇಳೇನಿ. ಅರ್ಧ ರನ್‌ವೇ ಬರೂದ್ರಾಗ ಏಳೂ ಸ್ಪೀಡಿನ 70% ಬರಲಿಲ್ಲಂದ್ರ ಥ್ರಾಟಲ್ ಹಿಂದ ಎಳದು ಇಂಜಿನ್ ಜೋರು ಇಳಿಸಿ ನಿಲ್ಲಿಸಬೇಕು ಅನ್ನೂದನ್ನ ಪಾಠ ಮಾಡಿಸಿ ಬಾಯಾಗ ಹೇಳಿಸೇನಿ. ಟೇಪ್ ಸದ್ಯಕ್ಕ ನನ್ನ ಕಾಟಾದ ಟೇಬಲ್ ಖಾನ್ಯಾಗ ಐತಿ.

ಸಂಪಾದಕರ, ನಿಮಗ ನಂದೊಂದು ವಿನಂತಿ. ಮುಂದ ಇಂಥಾ ಅಂಕಿ ಹಾಕೂ ಮುಂದ ಎಷ್ಟ್ ಎತ್ತರ, ಎಷ್ಟ್ ಡಿಗ್ರಿ, ಎಷ್ಟ್ ತೂಕ ಅನ್ನೂ ಮೂರ್ ಮಾತು ಬಾಜೂಕ ಹಾಕ್ರಿ, ಜಾಗ ಸಾಲದಿದ್ರ ಫೋಟೋ ಸಣ್ಣದು ಮಾಡ್ರಿ. ಫೋಟೋ ಅಂದಿದ್ದಕ್ಕ ನೆನಪಾತು, ಅದರ ಕೆಳಗ ಸೆಸ್ನಾ 172 ಅಂತ ಬರದೀರಿ, ಚಿತ್ರದಾಗಿನ ವಿಮಾನದ ರೆಕ್ಕಿ ಹೊಟ್ಟಿ ಕೆಳಗ ಐತಿ. 172ದ್ದು ತಲಿ ಮ್ಯಾಲ ಇರ್ತೈತ್ರಿ.

ಇಂತಿ,
ಒಬ್ಬ ನಿವೃತ್ತ ಏರ್‌ಮನ್
ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ